ಫ್ಲೆಕ್ಸಿನ ಕೆಳಸಾಲು

ಮೊನ್ನೆ ಮಳೆ ನಿಂತ ಮೇಲೆ ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆ ತರಲು ಹೋಗಿದ್ದೆ. ನಮ್ಮ ಹಲಸೂರಿನ ಬೀದಿಯ ತುದಿಯಲ್ಲಿ ಮರದ ಕೆಳಗೆ ನಿಲ್ಲುವ ಇಸ್ತ್ರಿ ಗಾಡಿಗೆ ಮಳೆಗಾಲ ಶುರುವಾದರೆ ಹಳೆಯ ಫ್ಲೆಕ್ಸೊಂದನ್ನು ಹೊದಿಸಿ ಹಗ್ಗ ಬಿಗಿದಿರುತ್ತಾರೆ. ಬಟ್ಟೆಯ ಗಂಟಿಗೆ ಕೈಚಾಚಿ ತಲೆ ಎತ್ತಿದರೆ ಫ್ಲೆಕ್ಸಿನ ಅಂಚಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದವನು ನಾನೇ. ಕೈಮುಗಿದುಕೊಂಡು, ಮೂಗಿನ ಮೇಲೆ ನೀರು ಸುರಿಸಿಕೊಂಡು, ನಾಡಿನ ಸಮಸ್ತ ಜನತೆಗೆ ಹೋದ ವರ್ಷದ ಗಣೇಶನ ಹಬ್ಬದ ಶುಭಾಶಯ ಕೋರುತ್ತಿದ್ದೆ.

"ನೀವೇ ಅಲ್ವಾ ಸಾರ್ ಇದು?" ಎಂದು ಇಸ್ತ್ರಿ ಮಾಡುವಾಕೆ ಕೇಳಿದಳು.

"ಹೌದಮ್ಮ, ತಲೇಲಿ ಕೂದ್ಲಿದ್ದಾಗಿಂದು."

"ಆವಾಗ ಚೆನ್ನಾಗಿದ್ರಿ ಬಿಡಿ" ಎಂದು ಆಕೆ ಸಮಾಧಾನ ಹೇಳಿದಳು.

ನನ್ನ ಮುಖದ ಪಕ್ಕದ ಮುಖ ನೋಡಿದೆ. ಅಲ್ಲಿ ಹೊಸಬ ಸತೀಶನಿದ್ದ. ಆ ಜಾಗ ನನ್ನ ಗೆಳೆಯ ಸೆಲ್ವನದು. ಗಂಟು ಹಿಡಿದುಕೊಂಡು ಮನೆಗೆ ಬಂದೆ, ಕಾಫಿ ಕುಡಿದೆ, ಆದರೂ ಆ ಜಾಗ ಕಣ್ಣಿನಿಂದ ಹೋಗಲಿಲ್ಲ.

ಇಂಥ ಫ್ಲೆಕ್ಸು ನಿಮ್ಮ ಬೀದಿಯಲ್ಲೂ ಇರುತ್ತದೆ, ನೋಡಿ ಬೈದುಕೊಂಡಿರುತ್ತೀರಿ. ಮೇಲೆ ದೇವರೋ, ಹುಟ್ಟುಹಬ್ಬದ ಯಜಮಾನನೋ ದೊಡ್ಡದಾಗಿ ಇರುತ್ತಾರೆ. ಕೆಳಗೆ 'ಶುಭ ಕೋರುವವರು' ಎಂಬ ಸಾಲಿನಲ್ಲಿ ಗುಂಡು ಗುಂಡಾದ ಮುಖಗಳು. ಪಾಲಿಕೆಯ ಲಾರಿ ಬಂದು ಕಿತ್ತೊಯ್ಯುವವರೆಗೆ ಅದಕ್ಕೆ ಆಯುಷ್ಯ. ದಾರಿಹೋಕರಿಗೆ ಅದು ಕಸ. ಆದರೆ ಆ ಸಾಲಿನೊಳಗೆ ಇರುವವರನ್ನು ಕೇಳಿ ನೋಡಿ, ಅರಮನೆಯ ದರ್ಬಾರಿಗೂ ಅಷ್ಟು ಕಟ್ಟುಪಾಡು ಇದ್ದಿರಲಾರದು. ನಡುವಿನ ಮುಖ ಉಳಿದವರಿಗಿಂತ ದೊಡ್ಡದಿರಬೇಕು. ಅವನ ಅಕ್ಕಪಕ್ಕದವರು ಕಪ್ಪು ಕನ್ನಡಕ ಹಾಕಬಹುದು, ಕಿವಿಗೆ ಮೊಬೈಲು ಹಿಡಿಯಬಹುದು. ಅಂಚಿನವರು ಸುಮ್ಮನೆ ಕೈಮುಗಿಯಬೇಕು. ನಾನು ಬಲ ಅಂಚಿನವನು. ಇಷ್ಟು ವರ್ಷಗಳಲ್ಲಿ ನಡುವಿನ ಕಡೆಗೆ ಒಂದಂಗುಲವೂ ಸರಿದಿಲ್ಲ. "ಫ್ಲೆಕ್ಸಲ್ಲಿರೋರು ಊರಿಗೆಲ್ಲಾ ಶುಭಾಶಯ ಹೇಳ್ತಾರೆ, ಮನೇಲಿರೋರು ನನ್ನ ಹುಟ್ಟಿದಬ್ಬಾನೇ ಮರೀತಾರೆ" ಎಂದು ನನ್ನ ಹೆಂಡತಿ ಆಗಾಗ ಹೇಳುವುದುಂಟು.

ನಮ್ಮದು ಬಾವಿಕಟ್ಟೆ ಗೆಳೆಯರ ಬಳಗ. ಯಾರೂ ಕೂತು ಸ್ಥಾಪಿಸಿದ ಬಳಗವಲ್ಲ ಇದು. ಈಗ ಅಪಾರ್ಟ್‌ಮೆಂಟು ಎದ್ದಿರುವ ಕಡೆ, ನಾವು ನಾಣಿ ಎನ್ನುತ್ತಿದ್ದ ನಾರಾಯಣನ ತಾತನ ಸೊಪ್ಪಿನ ತೋಟವಿತ್ತು, ತೋಟಕ್ಕೊಂದು ಬಾವಿಯಿತ್ತು. ನಾವು ಹುಡುಗರಾಗಿದ್ದಾಗಲೇ ನೀರು ಕೆಟ್ಟು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿದ್ದರು. ಬಿಸಿಲಿಗೆ ಕಾದ ಆ ಚಪ್ಪಡಿ ಸಂಜೆ ಹೊತ್ತಿಗೆ ಬೆಚ್ಚಗಿರುತ್ತಿತ್ತು. ಚಡ್ಡಿಯ ಮೂಲಕ ಏರುವ ಆ ಬಿಸಿ ನನಗೆ ಇವತ್ತಿಗೂ ನೆನಪಿದೆ. ಕೆಳಗೆ ಎಲ್ಲೋ ನೀರು ಇದೆ ಎಂಬ ಸಣ್ಣ ಭಯವೂ ಅದರ ಜೊತೆಗೇ ಇರುತ್ತಿತ್ತು.

ಅಲ್ಲಿಯೂ ಜಾಗಗಳಿದ್ದವು. ರಾಟೆಯ ಕಂಬಕ್ಕೆ ಒರಗಿ ಕೂರುವ ಹಕ್ಕು ನಾಣಿಯದು, ಬಾವಿ ಅವರ ತಾತನದಲ್ಲವೇ. ಶಿವಾಜಿನಗರದ ಸಂತೆಯಿಂದ ಚೆಂಡು ತರುತ್ತಿದ್ದ ಇಮ್ತಿಯಾಜ್ ಅವನ ಬಲಕ್ಕೆ. ನಾನು ಹಿಂದಿನ ಗಲ್ಲಿಯವನು, ಗುಮಾಸ್ತರ ಮಗ, ಚೆಂಡೂ ಇಲ್ಲ, ಬಾವಿಯೂ ಇಲ್ಲ. ಬಹಳ ದಿನ ಕೆಳಗೆ ನಿಂತೇ ನೋಡಿದೆ. ಒಂದು ದಿನ ಗೋಡೆಯ ಮೇಲೆ ಇದ್ದಿಲಲ್ಲಿ ಸ್ಕೋರು ಬರೆಯಲು ಅಕ್ಷರ ಚೆನ್ನಾಗಿರುವವನೊಬ್ಬ ಬೇಕಾದ. ಸೆಲ್ವ ತನ್ನ ಜಾಗದಲ್ಲೇ ಪಕ್ಕಕ್ಕೆ ಸರಿದು, "ಬಾರೋ, ಮೇಲೆ ಬಾ" ಎಂದ. ಅವತ್ತಿನಿಂದ ನಾನು ಬರೆಯುವವನು. ಇವತ್ತಿಗೂ ನಮ್ಮ ಫ್ಲೆಕ್ಸುಗಳ ಸಾಹಿತ್ಯವೆಲ್ಲ ನನ್ನದೇ. ಅವನ ಪಕ್ಕದ ಜಾಗವೂ ಹಾಗೆಯೇ ಉಳಿಯಿತು, ಕಟ್ಟೆಯಿಂದ ಫ್ಲೆಕ್ಸಿಗೆ ಬಂತು.

ಗುಂಪು ಎನ್ನುವುದು ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ನನಗೆ ಹೆಣ್ಣು ಕೊಡುವ ಮುಂಚೆ ನನ್ನ ಮಾವ ವಿಚಾರಿಸಿದ್ದು ಸಂಬಳವನ್ನಲ್ಲ. "ಹುಡುಗ ಬಾವಿಕಟ್ಟೆಯವರ ಜೊತೆ ಇರ್ತಾನಂತಲ್ಲ?" ಎಂದು ಒಂದು ವಾರ ಯೋಚನೆ ಮಾಡಿದರಂತೆ. ಮುಂದೆ ಅವರಿಗೆ ಆಪರೇಷನ್ ಆದಾಗ ರಕ್ತ ಕೊಡಲು ಸಾಲಾಗಿ ನಿಂತದ್ದು ಅದೇ ಬಾವಿಕಟ್ಟೆಯವರು. ಆಮೇಲೆ ಅವರೇ ಎಲ್ಲರಿಗೂ, ನಮ್ಮಳಿಯ ಬಾವಿಕಟ್ಟೆಯವನು ಎಂದು ಹೇಳಿಕೊಂಡು ಓಡಾಡಿದರು.

ಕಾಲ ಕಳೆದಂತೆ ನಾಣಿ ನಾರಾಯಣಣ್ಣನಾದ. ತೋಟದ ಜಾಗ ಅಪಾರ್ಟ್‌ಮೆಂಟಾಯಿತು, ಬಾವಿಕಟ್ಟೆ ಮಾತ್ರ ಬೀದಿಬದಿಗೆ ಉಳಿಯಿತು, ಅವನು ಹಾರ್ಡ್‌ವೇರ್ ಅಂಗಡಿ ಇಟ್ಟ. ಓರಗೆಯವರಾದ ನಾವೂ ಯಾವಾಗ ಅವನನ್ನು ಅಣ್ಣ ಎನ್ನಲು ಶುರುಮಾಡಿದೆವೋ ತಿಳಿಯದು. ಇಮ್ತಿಯಾಜ್ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ತೆರೆದ. ಸೆಲ್ವ ಎಲೆಕ್ಟ್ರಿಷಿಯನ್ ಆದ. ಹಬ್ಬಕ್ಕೆ ಸೀರಿಯಲ್ ಸೆಟ್ಟಿನಿಂದ ಬೀದಿಯನ್ನು ಬೆಳಗಿಸುವವನು ಅವನು. ಬಾವಿಯ ಪಕ್ಕ ಎರಡು ಕಂಬ ನಿಲ್ಲಿಸಿ, ನಡುವೆ ಫ್ಲೆಕ್ಸ್ ಕಟ್ಟಲು ಕಬ್ಬಿಣದ ಫ್ರೇಮು ಹಾಕಿಸಿದವನೂ, ಪ್ರತಿಸಲ ಅದನ್ನು ಹತ್ತಿ ಹಗ್ಗ ಬಿಗಿಯುವವನೂ ಅವನೇ.

ಅವನ ತಾಯಿ ದೇವಸ್ಥಾನದ ಮುಂದೆ ಹೂ ಮಾರುತ್ತಿದ್ದರು. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಹೊರಟು, ದಾರಿಯಲ್ಲಿ ನಾರಾಯಣನ ಅಂಗಡಿಯ ದೇವರ ಪಟಕ್ಕೆ ಒಂದು ಮಾರು ಕನಕಾಂಬರ ಹಾಕಿ ಹೋಗುವುದು ರೂಢಿ. ಅವರನ್ನು ಎಲ್ಲರೂ ಸೆಲ್ವನ ಅಮ್ಮ ಎನ್ನುತ್ತಿದ್ದರು. ಸೆಲ್ವನ ಅಮ್ಮ ಎಂದರೆ ಬಾವಿಕಟ್ಟೆಯವರ ಅಮ್ಮ. ಹೂವಿನವರ ಸಾಲಿನಲ್ಲಿ ಅವರ ಜಾಗಕ್ಕೆ ಯಾರೂ ಬಂದು ಕೂರುತ್ತಿರಲಿಲ್ಲ. ಮನೆ ಖಾಲಿ ಮಾಡಿ ಎನ್ನುವ ಮುಂಚೆ ಓನರು ಎರಡು ಸಲ ಯೋಚಿಸುತ್ತಿದ್ದ.

ಕೆಲವು ವರ್ಷಗಳ ಹಿಂದೆ ಸೆಲ್ವ ಎದೆನೋವು ಎಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ.

ಸಾವಿನ ಮನೆಯಲ್ಲಿ ಬಳಗದವರಿಗೆ ತಿಳಿದ ಕೆಲಸ ಒಂದೇ. ನಾನು ಅಳುತ್ತಲೇ 'ಮತ್ತೆ ಹುಟ್ಟಿ ಬಾ ಗೆಳೆಯ' ಎಂದು ಬರೆದುಕೊಟ್ಟೆ. ಇಮ್ತಿಯಾಜ್ ಅಳುತ್ತಲೇ ಪ್ರಿಂಟ್ ಹಾಕಿದ. ಅವನ ಕಂಪ್ಯೂಟರಿನಲ್ಲಿ ನಮ್ಮ ಕೆಳಸಾಲು ಸದಾ ಸಿದ್ಧವಾಗಿರುತ್ತದೆ. ಮೇಲಿನ ಚಿತ್ರ ಬದಲಾಗುತ್ತದೆ, ಸಾಲು ಬದಲಾಗುವುದಿಲ್ಲ. 'ಶುಭ ಕೋರುವವರು' ಎಂಬುದನ್ನು ಅಳಿಸಿ 'ಕಂಬನಿ ಮಿಡಿಯುವವರು' ಎಂದು ಹಾಕಿದ, ಅಷ್ಟೆ. ಮನೆಯ ಮುಂದೆ ಫ್ಲೆಕ್ಸ್ ಕಟ್ಟಿ, ಅದರ ಕೆಳಗೆ ಹೆಣ ಇಟ್ಟ ಮೇಲೆಯೇ ನಮಗೆ ಕಂಡದ್ದು. ಮೇಲೆ ಹೂಮಾಲೆಯೊಳಗೆ ದೊಡ್ಡದಾಗಿ ಸೆಲ್ವ. ಕೆಳಗೆ ನನ್ನ ಪಕ್ಕದಲ್ಲಿ ಕೈಮುಗಿದು, ತನಗೆ ತಾನೇ ಕಂಬನಿ ಮಿಡಿಯುತ್ತಾ ಮತ್ತೆ ಸೆಲ್ವ.

ಬಂದವರು ಗುಸುಗುಸು ಶುರುಮಾಡಿದರು. ಇಮ್ತಿಯಾಜ್ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ನಾರಾಯಣ ಕೆಂಡವಾಗಿ ಹಗ್ಗಕ್ಕೆ ಕೈಹಾಕಿದ. ಆಗ ಮಗನ ತಲೆಯ ಬಳಿ ಕೂತಿದ್ದ ಆ ತಾಯಿ ಕೈ ಅಡ್ಡ ತಂದರು.

"ಬಿಡಪ್ಪಾ, ಕೀಳ್ಬೇಡ. ಮೇಲಿರೋನು ಒಬ್ನೇ ಹೋಗ್ತಾವ್ನೆ. ಕೆಳಗಿರೋನು ನಿಮ್ ಜೊತೆ ಅವ್ನೆ. ಅವ್ನು ಇರ್ಲಿ."

ಫ್ಲೆಕ್ಸು ಹಾಗೇ ಉಳಿಯಿತು. ಮುಂದಿನ ಹಬ್ಬದ ಫ್ಲೆಕ್ಸಿನಲ್ಲೂ ಸೆಲ್ವನನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಯುಗಾದಿಗೆ, ಗಣೇಶನಿಗೆ, ರಾಜ್ಯೋತ್ಸವಕ್ಕೆ ಅವನು ನಮ್ಮೊಡನೆ ಶುಭ ಕೋರುತ್ತಲೇ ಇದ್ದ. ಹೊಸ ಫ್ಲೆಕ್ಸ್ ಬಿದ್ದ ಬೆಳಿಗ್ಗೆ ಅವನ ಅಮ್ಮ ಹೂಬುಟ್ಟಿ ಕೆಳಗಿಟ್ಟು, ಸಾಲಿನ ಮೇಲೆ ಬೆರಳು ಆಡಿಸಿಕೊಂಡು ಬಂದು, ಮಗ ಸಿಕ್ಕಿದ ಮೇಲೆ ಸೆರಗಿನಿಂದ ಅವನ ಮುಖ ಒರೆಸಿ ಹೋಗುತ್ತಿದ್ದರು. ಒಮ್ಮೆ ನಾನು ಎದುರಾದೆ. ಮಗಳು ಮಂಜುಳ ಕೆ.ಆರ್. ಪುರದಲ್ಲಿದ್ದಾಳೆ, ಬಾ ಬಾ ಅಂತಾಳೆ ಎಂದರು.

"ಹೋಗಿ ಆರಾಮಾಗಿರ್ಬಾರ್ದೇನಮ್ಮ?"

"ಇಲ್ಲಿ ನಾನು ಸೆಲ್ವನ ಅಮ್ಮ. ಅಲ್ಲೋದ್ರೆ ಅಳಿಯನ ಮನೇಲಿರೋ ಮುದ್ಕಿ. ಇವ್ನು ಇಲ್ಲಿ ಇರೋವರ್ಗೂ ನಾನೂ ಇರ್ತೀನಿ ಕಣ್ಣಾ. ತೆಗೆದ್ಬಿಟ್ರೆ ಹೊರಟೋಗ್ತೀನಿ" ಎಂದರು.

ಸತೀಶ ಬಂದದ್ದು ಆಮೇಲೆ. ಬಾವಿಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವನು, ಬೈಯಪ್ಪನಹಳ್ಳಿಯ ಕಡೆ ಎಲ್ಲೋ ಕೆಲಸ. ಸಂಜೆ ಹೊತ್ತು ಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನಿಂತು ನಮ್ಮ ಹರಟೆ ಕೇಳುತ್ತಿದ್ದ. ನಿಂತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು, ನಾನೇ ಕರೆದು ಕೂರಿಸಿದೆ. "ಈ ಊರಲ್ಲಿ ನನ್ನ ಮುಖ ಗುರ್ತು ಹಿಡಿಯೋನು ನಮ್ಮ ವಾಚ್‌ಮನ್ ಒಬ್ಬನೇ ಸಾರ್" ಎಂದಿದ್ದ. ಕ್ರಮೇಣ ಹಬ್ಬದ ಕೆಲಸಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲತೊಡಗಿದ. ಹೋದ ವರ್ಷ ಗಣೇಶನ ಹಬ್ಬದ ಮುಂಚೆ ನಾರಾಯಣ ಮಾತೆತ್ತಿದ.

"ಸತೀಶ್ ಅವ್ರದ್ದೂ ಹಾಕ್ಬೇಕು ಗುರು. ಎಷ್ಟು ದಿನ ಅಂತ ಹೊರಗೇ ಇರ್ತಾರೆ?"

"ಫ್ರೇಮು ಅಷ್ಟೇ ಇರೋದು. ಜಾಗ ಎಲ್ಲಿದೆ?" ಎಂದ ಇಮ್ತಿಯಾಜ್.

ನಾರಾಯಣ ಫ್ರೇಮಿನ ಕಡೆ ಒಮ್ಮೆ ನೋಡಿದ. "ಸೆಲ್ವಂದು ತೆಗಿ. ಹಬ್ಬದ ಫ್ಲೆಕ್ಸಲ್ಲಿ ಹೋದೋರ ಮುಖ ಎಷ್ಟು ವರ್ಷ ಹಾಕೋದು? ನೋಡ್ದೋರು ಅಪಶಕುನ ಅಂತಾರೆ."

ಸೆಲ್ವನ ಅಮ್ಮ ಹೇಳಿದ್ದನ್ನು ನಾನು ಹೇಳಿದೆ. ಹಾಗೆಲ್ಲ ಯಾರೂ ಊರು ಬಿಟ್ಟು ಹೋಗುವುದಿಲ್ಲ ಎಂದ ನಾರಾಯಣ. "ಹಾಗಾದ್ರೆ ನಂದು ತೆಗೀರಿ" ಎಂದೆ. ಎಲ್ಲರೂ ನಕ್ಕರು.

"ಬದುಕಿರೋನ್ನ ತೆಗೆದ್ರೆ ಬಳಗದಲ್ಲಿ ಜಗಳ ಆಗಿದೆ ಅಂತಾರೆ ಕಣೋ ಮುನಿರಾಜ" ಎಂದ ನಾರಾಯಣ. ಅದು ನಿಜವೇ. ನಮ್ಮಲ್ಲಿ ಸತ್ತವನನ್ನು ತೆಗೆಯುವುದು ಸುಲಭ, ಬದುಕಿರುವವನನ್ನು ತೆಗೆದರೆ ಊರಿಗೆಲ್ಲ ವಿವರಣೆ ಕೊಡಬೇಕು.

"ಒಂದು ಕೆಲ್ಸ ಮಾಡೋಣ" ಎಂದ ಇಮ್ತಿಯಾಜ್. "ಎಲ್ರನ್ನೂ ಒಂದು ಚೂರು ಚಿಕ್ಕದು ಮಾಡಿದ್ರೆ ಇನ್ನೊಬ್ರು ಕೂರ್ತಾರೆ. ನಡುವೆ ಇರೋ ನಿಂದು ಮಾತ್ರ ಜಾಸ್ತಿ ಚಿಕ್ಕದು ಮಾಡ್ಬೇಕು ನಾಣಿ."

ಎಷ್ಟೋ ವರ್ಷಗಳ ಮೇಲೆ ನಾಣಿ ಎಂದದ್ದು, ಅದೂ ಎಲ್ಲರ ಎದುರಿಗೆ. ನಾರಾಯಣನ ಮುಖ ಬಿಗಿಯಿತು. "ನಂದು ಹಂಗೇ ಇರ್ಲಿ" ಎಂದು ಎದ್ದು ಹೋದ.

ಆ ತಾಯಿಗೆ ಮುಂಚೆಯೇ ತಿಳಿಸೋಣವೆಂದು ಬೆಳಿಗ್ಗೆ ಎದ್ದು ಹೊರಟೆ. ಅಷ್ಟರಲ್ಲಿ ಫ್ಲೆಕ್ಸ್ ಕಟ್ಟಿಯಾಗಿತ್ತು, ಅವರು ಅದರ ಮುಂದೆ ನಿಂತಿದ್ದರು. ಬೆರಳು ಎಡದಿಂದ ಹೊರಟು ಬಲದ ತುದಿಗೆ ಬಂತು. ತಿರುಗಿ ಬಲದಿಂದ ಎಡಕ್ಕೆ ಹೋಯಿತು. ಕೊನೆಗೆ ನನ್ನ ಮುಖದ ಮೇಲೆ ನಿಂತಿತು.

"ನೀನು ಇದೀಯಾ ಬಿಡು. ಚೆನ್ನಾಗಿದೀಯ" ಎಂದರು. ಬುಟ್ಟಿ ಎತ್ತಿ ತಲೆಯ ಮೇಲಿಡಲು ಕೈಕೊಟ್ಟೆ. ಅವರು ದೇವಸ್ಥಾನದ ಕಡೆ ನಡೆದರು. ಗಣೇಶನನ್ನು ನೀರಿಗೆ ಬಿಟ್ಟ ಮರುವಾರ ಅವರ ಮನೆಗೆ ಬೀಗ ಬಿದ್ದಿತ್ತು.

ಯಾರೂ ಯಾರನ್ನೂ ಬೈಯಲಿಲ್ಲ. ಕಟ್ಟೆಗೆ ಬರುವವರು ಬೇಗ ಏಳತೊಡಗಿದರು, ಅಷ್ಟೆ. ಎಲ್ಲರಿಗಿಂತ ಹೆಚ್ಚು ಕುಗ್ಗಿದವನು ಸತೀಶ. ತಾನು ಕೂತದ್ದು ಯಾರ ಜಾಗ ಎಂದು ಅವನಿಗೆ ತಿಳಿದದ್ದು ಆಮೇಲೆ. ಕಟ್ಟೆಯ ಕಡೆ ಬರುವುದನ್ನೇ ಬಿಟ್ಟ. ನಾರಾಯಣನ ಅಂಗಡಿಯಲ್ಲಿ ದೇವರ ಪಟದ ಮೇಲೆ ಆಕೆ ಕೊನೆಯ ದಿನ ಹಾಕಿದ್ದ ಕನಕಾಂಬರ ಒಣಗಿ ಮುರುಟಿತ್ತು. ಬೇರೆ ಹೂವಿನವಳು ಬಂದು ಕೇಳಿದರೂ ಅವನು ಹಾಕಿಸಿಕೊಳ್ಳಲಿಲ್ಲ. ಒಣಗಿದ್ದನ್ನು ತೆಗೆಯಲೂ ಇಲ್ಲ. ರಾಜ್ಯೋತ್ಸವ ಹತ್ತಿರವಾದಾಗ ಒಂದು ಸಂಜೆ ಕಟ್ಟೆಗೆ ಬಂದು, ರಾಟೆಯ ಕಂಬ ಬಿಟ್ಟು ಅಂಚಿನಲ್ಲಿ ನನ್ನ ಪಕ್ಕ ಕೂತ.

"ಇಮ್ತಿ, ಈ ಸಲ ಸೆಲ್ವನ್ನ ಹಾಕು. ಸತೀಶನೂ ಇರ್ಲಿ. ನಂದು ಚಿಕ್ಕದು ಮಾಡು."

"ಎಷ್ಟು ಚಿಕ್ಕದು?"

"ಎಲ್ರಷ್ಟು."

ರಾಜ್ಯೋತ್ಸವದ ಹಿಂದಿನ ದಿನ ಆ ಫ್ಲೆಕ್ಸನ್ನು ಸುತ್ತಿಕೊಂಡು, ಸತೀಶನನ್ನೂ ಒಪ್ಪಿಸಿ ಕರೆದುಕೊಂಡು, ನಾಲ್ವರೂ ಕೆ.ಆರ್. ಪುರಕ್ಕೆ ಹೊರಟೆವು. ತಾಯಿಗೆ ತೋರಿಸಿ, ಕರೆದುಕೊಂಡು ಬರುವುದು ನಮ್ಮ ಯೋಚನೆ. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಕಾರು ಬೇಡ, ಮೆಟ್ರೋದಲ್ಲಿ ಹೋಗೋಣ ಎಂದು ಸತೀಶ ಹೇಳಿದ. ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವನು ಸುರುಳಿ ತಟ್ಟಿ ನೋಡಿ, "ಏನ್ರೀ ಒಳಗಡೆ?" ಎಂದ. "ನಾವೇ" ಎಂದ ಇಮ್ತಿಯಾಜ್. ರೈಲಿನಲ್ಲಿ ನಾರಾಯಣ ಕಂಬ ಹಿಡಿದು ನಿಂತ. ಅಲ್ಲಿ ಅವನಿಗೆ ನಮಸ್ಕಾರ ಹೇಳುವವರಿರಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ಒಬ್ಬ ಹುಡುಗಿ ಎದ್ದು, "ಕೂತ್ಕೊಳಿ ಅಂಕಲ್" ಎಂದಾಗ ಅವನು ಒಂದು ಕ್ಷಣ ಹಿಂದೆ ತಿರುಗಿ ನೋಡಿದ. ಆಮೇಲೆ ಕೂತ.

ಮಂಜುಳ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ, ಫೋನು ಎತ್ತಲಿಲ್ಲ. ಗಲ್ಲಿ ತಿಳಿದಿತ್ತು, ಮನೆ ತಿಳಿದಿರಲಿಲ್ಲ. ಮೂಲೆಯ ಅಂಗಡಿಯಲ್ಲಿ ಸೆಲ್ವನ ಅಮ್ಮನ ಮನೆ ಯಾವುದು ಎಂದು ಕೇಳಿದೆವು.

"ಯಾವ ಸೆಲ್ವ?" ಎಂದ ಅಂಗಡಿಯವನು. "ಆಯಮ್ಮನ ಹೆಸ್ರೇನು ಹೇಳಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬುದ್ಧಿ ಬಂದಾಗಿನಿಂದ ಆಕೆಯ ಕೈಯ ಅನ್ನ ಉಂಡವರು, ಆಕೆಯ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊಸಬನಾದ ಸತೀಶ ಇದನ್ನು ನಂಬಲಾರದೆ ನಮ್ಮನ್ನು ನೋಡಿದ. ನನಗೆ ಆ ಹೊತ್ತಿನಲ್ಲಿ ಬಹಳ ನಾಚಿಕೆಯಾಯಿತು. ಕೊನೆಗೆ ಹೂ ಕಟ್ಟುತ್ತಾರೆ ಎಂದ ಮೇಲೆ, "ಓ, ಮಂಜುಳನ ಮನೇಲಿ ಯಾರೋ ಅಜ್ಜಿ ಬಂದವ್ರೆ, ಅವ್ರಾ?" ಎಂದು ಮನೆ ತೋರಿಸಿದ.

ಅವರು ಬಾಗಿಲಲ್ಲಿ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾರಾಯಣ ಸುರುಳಿ ಬಿಚ್ಚಿದ, ನಾನೂ ಇಮ್ತಿಯಾಜೂ ಎರಡು ತುದಿ ಹಿಡಿದೆವು. ಅವರು ಮಗುವನ್ನು ಇಳಿಸಿ ಎದ್ದು ಬಂದು ಎಡದಿಂದ ಬೆರಳು ಆಡಿಸಿದರು. ನನ್ನ ಪಕ್ಕಕ್ಕೆ ಬಂದು ಬೆರಳು ನಿಂತಿತು. ಹೊಸ ಫ್ಲೆಕ್ಸು, ಧೂಳಿರಲಿಲ್ಲ. ಆದರೂ ಸೆರಗಿನಿಂದ ಒರೆಸಿದರು.

"ಏನಪ್ಪಾ, ಎಲ್ಲಾ ಇಷ್ಟು ಚಿಕ್ಕೋರಾಗ್ಬಿಟ್ಟಿದೀರ?" ಎಂದರು.

"ಜಾಗ ಸಾಲ್ಲಿಲ್ಲಮ್ಮ" ಎಂದ ನಾರಾಯಣ.

ಬೆರಳು ಸೆಲ್ವನ ಆಚೆ ಪಕ್ಕಕ್ಕೆ ಸರಿಯಿತು. "ಇದ್ಯಾರು, ಹೊಸ್ಬ?"

ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿದ್ದ ಸತೀಶ ಮುಂದೆ ಬಂದು ಕೈಮುಗಿದ. ಅವರು ಫ್ಲೆಕ್ಸಿನ ಮುಖವನ್ನೂ ಅವನ ಮುಖವನ್ನೂ ಬಹಳ ಹೊತ್ತು ನೋಡಿದರು.

"ನಮ್ ಹುಡುಗನ ಪಕ್ಕ ಕೂತಿದೀಯ. ಇರು. ಅವ್ನು ಜಾಗ ಬಿಟ್ಕೊಡೋನೇ."

ಬಳಗಕ್ಕೆ ಸತೀಶ ಸೇರಿದ್ದು ಆವತ್ತು. ನಾವು ಕಟ್ಟೆಯಲ್ಲಿ ಕೂತು ಮಾಡಿದ ತೀರ್ಮಾನದಿಂದ ಅವನು ಸೇರಿರಲಿಲ್ಲ. ಅಲ್ಲೇ ಕಣ್ಣೊರೆಸಿಕೊಂಡ.

ಮನೆ ತಾನು ನೋಡಿಕೊಡುತ್ತೇನೆ, ಬಂದುಬಿಡಮ್ಮ ಎಂದು ನಾರಾಯಣ ಕರೆದ. ಮಂಜುಳ ಕೆಲಸಕ್ಕೆ ಹೋದರೆ ಮಗುವನ್ನು ನೋಡುವವರು ಬೇಕು, ಇನ್ನು ಬರುವುದಕ್ಕೆ ಆಗುವುದಿಲ್ಲ ಎಂದರು. ನಾವು ಫ್ಲೆಕ್ಸ್ ಸುತ್ತಲು ಹೊರಟಾಗ ಅವರು ಅಂಚು ಹಿಡಿದುಕೊಂಡರು.

"ಇದನ್ನ ಇಲ್ಲೇ ಬಿಟ್ಟೋಗ್ರಪ್ಪಾ. ಇಲ್ಲಿ ಯಾರ್ಗೂ ನಾನ್ಯಾರು ಅಂತ ಗೊತ್ತಿಲ್ಲ."

ಪ್ರಿಂಟಾದದ್ದು ಅದೊಂದೇ. ಬೆಳಗಾದರೆ ರಾಜ್ಯೋತ್ಸವ. ನಾವೆಲ್ಲ ನಾರಾಯಣನ ಮುಖ ನೋಡಿದೆವು. ಅವನು ಚಪ್ಪಲಿ ಕಳಚಿ, ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಕಾಂಪೌಂಡಿನ ಗೋಡೆ ಹತ್ತಿ ಹಗ್ಗ ಬಿಗಿದ. ಆ ಕೆಲಸವನ್ನು ಸೆಲ್ವ ಬಿಟ್ಟರೆ ನಮ್ಮಲ್ಲಿ ಯಾರೂ ಮಾಡಿದವರಲ್ಲ, ಅವನು ಹೋದ ಮೇಲೆ ಇಮ್ತಿಯಾಜನ ಅಂಗಡಿಯ ಹುಡುಗರು ಕಟ್ಟುತ್ತಿದ್ದರು. ಗಂಟು ಸೊಟ್ಟಗಾಯಿತು. ಹೊರಡುವಾಗ ನಾನು ಹಿಂದುಳಿದು, "ಅಮ್ಮಾ, ನಿಮ್ಮ ಹೆಸರೇನು?" ಎಂದು ಕೇಳಿದೆ. "ಯಾಕೆ, ಸೆಲ್ವನ ಅಮ್ಮ ಸಾಲ್ದಾ?" ಎಂದು ನಕ್ಕರು. ಮರುದಿನ ನಮ್ಮ ಕಬ್ಬಿಣದ ಫ್ರೇಮು ಖಾಲಿ ನಿಂತಿತ್ತು. ಬಾವಿಕಟ್ಟೆಯವರಲ್ಲಿ ಜಗಳವಾಗಿದೆ ಎಂದು ಬೀದಿಯೆಲ್ಲ ಮಾತಾಡಿಕೊಂಡಿತು.

ಇಸ್ತ್ರಿ ಗಾಡಿಯ ಮೇಲೆ ಮೊನ್ನೆ ನೋಡಿದ್ದು ಸೆಲ್ವನಿಲ್ಲದ ಆ ಗಣೇಶನ ಫ್ಲೆಕ್ಸು. ಅದನ್ನು ಕಂಡ ಮೇಲೆ ಮನಸ್ಸು ತಡೆಯದೆ ನಿನ್ನೆ ಕೆ.ಆರ್. ಪುರಕ್ಕೆ ಹೋಗಿ ಬಂದೆ. ಗಲ್ಲಿಗಳು ಎಲ್ಲ ಒಂದೇ ಥರ, ದಾರಿ ತಪ್ಪಿ ಮೂಲೆಯ ಅಂಗಡಿಗೇ ಬಂದೆ. ಮಂಜುಳನ ಮನೆ ಯಾವುದು ಎಂದೆ.

"ಸೆಲ್ವನ ಅಮ್ಮನ ಮನೇನಾ? ಅಲ್ಲಿ ಫ್ಲೆಕ್ಸ್ ಕಾಣ್ತಿದೆ ನೋಡಿ, ಅದರ ಕೆಳಗೇ ಕೂತಿರ್ತಾರೆ" ಎಂದ ಅಂಗಡಿಯವನು.

ಬಿಸಿಲಿಗೂ ಮಳೆಗೂ ಫ್ಲೆಕ್ಸು ಬಣ್ಣ ಬಿಟ್ಟಿದೆ. ಮೇಲಿನ ಭುವನೇಶ್ವರಿ ಅರ್ಧ ಅಳಿಸಿದ್ದಾಳೆ. ನನ್ನ ಕಪ್ಪು ಕೂದಲು ಕೊನೆಗೂ ಬೆಳ್ಳಗಾಗಿದೆ. ಎದುರು ಗೋಡೆಯ ನೆರಳಿರುವ ಕೆಳಸಾಲಿನಲ್ಲಿ ಮುಖಗಳಿನ್ನೂ ಗುರುತು ಹತ್ತುತ್ತವೆ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಹೂ ಕೊಳ್ಳುತ್ತಾ ಇವರೆಲ್ಲ ಯಾರು ಎಂದು ಕೇಳುತ್ತಿದ್ದಳು. ಅವರು ನನ್ನನ್ನು ಇನ್ನೂ ನೋಡಿರಲಿಲ್ಲ. ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿಟ್ಟು, ಕೂತಲ್ಲಿಂದಲೇ ಬೆರಳು ತೋರಿಸಿದರು.

"ಇವ್ನು ನಾಣಿ. ಇವ್ನು ಇಮ್ತಿ. ತುದೀಲಿರೋನು ಮುನಿ, ಬರೆಯೋನು. ಇವ್ನು ಸತೀಶ, ಈಚೆಗೆ ಬಂದ. ಇವ್ರಿಬ್ರ ನಡುವೆ ಇದಾನಲ್ಲ, ಇವ್ನು ನನ್ ಮಗ."

"ಈಗ ಎಲ್ಲಿದಾರೆ ಅಜ್ಜಿ, ನಿಮ್ಮಗ?"

"ಇವ್ರ ಜೊತೇಲೇ ಇದಾನಮ್ಮ" ಎಂದು ಹೂವಿನ ದಾರ ಕೈಗೆತ್ತಿಕೊಂಡರು.